ಬಸುರಿಯ ಬಾಯಾರಿಕೆಗೆ ಸಾಕ್ಷಿ ಕೇಳಬೇಡಿ

ಯೊಮ್ ಕಿಪ್ಪುರ್ ಯಹೂದ್ಯರಿಗೆ ವರ್ಷದ ಅತಿ ಪವಿತ್ರ ದಿನ. ಮುನ್ನಾದಿನ ಹೊತ್ತು ಮುಳುಗುವ ಮೊದಲೇ ಹಿಡಿದ ಉಪವಾಸ ಮರುದಿನ ಕತ್ತಲಾಗುವವರೆಗೆ ನಡೆಯುತ್ತದೆ. ಸುಮಾರು 25 ತಾಸು ತೊಟ್ಟು ನೀರೂ ಇಲ್ಲ. ಸಣ್ಣಪುಟ್ಟ ಉಪವಾಸಗಳಲ್ಲಿ ಬಸುರಿಯರಿಗೆ ವಿನಾಯಿತಿಯುಂಟು. ಈ ದಿನ ಮತ್ತು ಬಿರುಬೇಸಿಗೆಯ ತಿಶಾ ಬಆವ್ ಉಪವಾಸದಂದು ಮಾತ್ರ ಅವರೂ ಎಲ್ಲರಂತೆ ಇರಬೇಕೆಂದು 16ನೇ ಶತಮಾನದ ಧರ್ಮಸಂಹಿತೆ ಶುಲ್ಹನ್ ಅರೂಖ್ ಹೇಳುತ್ತದೆ.

ಆ ಸಾಲನ್ನು ಹಿಡಿದು ಕೂತವರೇ, ಅದೇ ಗ್ರಂಥದ ಮುಂದಿನ ಮಾತನ್ನೂ ಓದಿ. ತನಗೆ ಊಟ ಬೇಕೇಬೇಕೆಂದು ರೋಗಿ ಹೇಳಿದರೆ, ನೂರು ವೈದ್ಯರು ಬೇಡವೆಂದರೂ ರೋಗಿಯ ಮಾತೇ ನಡೆಯಬೇಕು. ಅಡುಗೆಯ ವಾಸನೆಗೆ ಬಸುರಿಯ ಜೀವ ತಹತಹಿಸಿದರೆ ಅದು ತಣಿಯುವವರೆಗೆ ಅವಳಿಗೆ ಉಣಿಸಬೇಕೆಂದು ಅದಕ್ಕೂ ಬಹಳ ಹಿಂದಿನ ಧರ್ಮಗ್ರಂಥ ಮಿಶ್ನಾ ವಿಧಿಸಿದೆ. ಇಷ್ಟು ಸ್ಪಷ್ಟವಾಗಿ ಧರ್ಮವೇ ಹೆಣ್ಣಿನ ಮಾತನ್ನು ನಂಬಿರುವಾಗ, ಮನೆಯವರು ನಂಬದಿರುವುದು ಯಾವ ಭಕ್ತಿ?

ಯಹೂದ್ಯರ ಇನ್ನೊಂದು ಧರ್ಮಗ್ರಂಥ ತಾಲ್ಮುದ್‌ನಲ್ಲಿ ಒಂದು ಕತೆಯಿದೆ. ಹಾಗೆ ತಹತಹಿಸಿದ ಇಬ್ಬರು ಬಸುರಿಯರ ಕಿವಿಯಲ್ಲಿ ಇಂದು ಯೊಮ್ ಕಿಪ್ಪುರ್ ಎಂದು ಪಿಸುಗುಟ್ಟಲಾಯಿತು. ಸುಮ್ಮನಾದವಳಿಗೆ ಮಹಾಪಂಡಿತ ಯೊಹಾನಾನ್ ಹುಟ್ಟಿದ. ಸುಮ್ಮನಾಗದವಳಿಗೆ ಫಸಲು ಕೂಡಿಡುವ ದುರಾಸೆಯ ಶಬ್ಬತೈ ಹುಟ್ಟಿದ. ದಯವಿಟ್ಟು ಈ ಕತೆಯನ್ನು ಬಾಯಾರಿದವಳ ಮುಂದೆ ತೆಗೆಯಬೇಡಿ. ಮಗುವಿನ ಗುಣವನ್ನು ತಾಯಿಯ ಒಂದು ಗುಟುಕಿಗೆ ಕಟ್ಟುವುದು ಕ್ರೌರ್ಯ. ಸುಮ್ಮನಾಗದವಳಿಗೂ ಉಣಿಸಬೇಕೆಂಬುದೇ ವಿಧಿ ಎಂಬುದನ್ನು ನೆನಪಿಡಿ.

ಉಪವಾಸದ ಬಗ್ಗೆ ಬಸುರಿಗಿರುವ ಭಯ ಸುಳ್ಳಲ್ಲ. ಈ ಉಪವಾಸಕ್ಕೂ ಹೆರಿಗೆ ನೋವು ಶುರುವಾಗುವುದಕ್ಕೂ ಇರುವ ನಂಟನ್ನು ಜೆರುಸಲೇಮಿನ ವೈದ್ಯರು 1983ರಲ್ಲೇ ದಾಖಲಿಸಿದ್ದಾರೆ. ತಲೆ ಸುತ್ತುವುದು, ಹೊಟ್ಟೆ ಬಿಗಿಯುವುದು, ಮಗುವಿನ ಮಿಸುಕಾಟ ತಗ್ಗುವುದು, ಇವುಗಳಲ್ಲಿ ಯಾವುದೂ ಸಹಿಸಿಕೊಳ್ಳಬೇಕಾದ ಪರೀಕ್ಷೆಯಲ್ಲ.

ಅಪಾಯದ ಅಂಚಿನಲ್ಲಿರುವವಳಿಗೆ ದಾರಿಯನ್ನೂ ಹಿರಿಯರು ಮಾಡಿಟ್ಟಿದ್ದಾರೆ: ಒಂದು ದವಡೆ ತುಂಬುವುದಕ್ಕಿಂತ ಕಡಿಮೆ ನೀರನ್ನು ಸುಮಾರು ಒಂಬತ್ತು ನಿಮಿಷಕ್ಕೊಮ್ಮೆ ಕುಡಿಯುವುದು. ತನ್ನ ದವಡೆಯ ಅಳತೆ ಎಷ್ಟೆಂದು ಅವಳು ಹಿಂದಿನ ದಿನವೇ ನೀರು ತುಂಬಿ ಉಗುಳಿ ನೋಡಿಕೊಳ್ಳುತ್ತಾಳೆ. ಆಮೇಲೆ ಪುಟ್ಟ ಲೋಟ, ಪಕ್ಕದಲ್ಲಿ ಗಡಿಯಾರ. ಜೀವಕ್ಕೇ ಕುತ್ತೆಂದಾದರೆ ಈ ಲೆಕ್ಕವೂ ಇಲ್ಲ, ಬೇಕಾದಷ್ಟು ಕೊಡಬೇಕು. ಬ್ರಿಸ್ಕ್‌ನ ರಬ್ಬಿ ಹೈಮ್ ಸೊಲೊವೇಚಿಕ್ ಇದನ್ನು ಉಪವಾಸದಲ್ಲಿ ತೋರುವ ಸಡಿಲವೆಂದು ಒಪ್ಪಲಿಲ್ಲ, ಜೀವ ಉಳಿಸುವುದರಲ್ಲಿ ತೋರುವ ಬಿಗಿಯೆಂದರು.

ಗಂಡಂದಿರೇ, ಹಬ್ಬಕ್ಕೆ ವಾರಗಳ ಮುಂಚೆಯೇ ಅವಳೊಂದಿಗೆ ವೈದ್ಯರ ಬಳಿಗೂ ರಬ್ಬಿಯ ಬಳಿಗೂ ಹೋಗಿ. ಅಂದು ಸಿನಗಾಗ್ ಬಿಟ್ಟು ಮನೆಯಲ್ಲಿದ್ದು ದೊಡ್ಡ ಮಕ್ಕಳನ್ನು ನೋಡಿಕೊಳ್ಳಿ, ಅವಳು ಮಲಗಲಿ. ರಬ್ಬಿಗಳೇ, ನಾಚಿಕೊಂಡು ಕೇಳಲಾರದವಳಿಗಾಗಿ ನೀವೇ ಮೊದಲು ಬಾಯಿಬಿಟ್ಟು ಹೇಳಿ. ಅತ್ತೆಯರೇ, ನಿಮ್ಮ ಕಾಲದ ಗಟ್ಟಿತನವನ್ನು ಅವಳಿಗೆ ಅಳತೆಗೋಲಾಗಿ ಹಿಡಿಯಬೇಡಿ. ಅವಳು ಆಗುತ್ತಿಲ್ಲ ಎಂದರೆ ಮರುಪ್ರಶ್ನೆ ಹಾಕದೆ ನೀರು ಕೊಡಿ.