ಗರ್ಭಸ್ಥ ಶಿಶುವಿನ ಬೆಳವಣಿಗೆಯೂ ಸರಕಾರದ ಹೊಣೆಯೂ

ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕವನ್ನು 1934ನೆಯ ಇಸವಿಯಿಂದ ಬರೆದಿಟ್ಟಿದ್ದರು. ಆ ಪುಸ್ತಕಗಳ ಆಧಾರದಿಂದ ಸಂಶೋಧಕರು, 1934ರಿಂದ 1954ರವರೆಗೆ ಅಲ್ಲಿ ಜನಿಸಿ ಆಸುಪಾಸಿನಲ್ಲಿಯೇ ನೆಲೆಸಿದ್ದ 517 ಮಂದಿ ಸ್ತ್ರೀಪುರುಷರನ್ನು ಪರೀಕ್ಷಿಸಿ, 1996ರಲ್ಲಿ ಫಲವನ್ನು ಪ್ರಕಟಿಸಿದರು. ಹುಟ್ಟುವಾಗ ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೋ, ಇಲ್ಲವೇ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಏಳು ಪೌಂಡಿಗಿಂತ ಹೆಚ್ಚು ತೂಗಿದವರಲ್ಲಿ 3 ಮಂದಿಗೆ ಮಾತ್ರ. ಗರ್ಭದಲ್ಲಿ ಪೋಷಣೆ ಕುಂದಿದುದರ ಫಲವನ್ನು ಮನುಷ್ಯನು ನಡುವಯಸ್ಸಿನಲ್ಲಿಯೂ ಉಣ್ಣಬೇಕಾಗುವುದೆಂದು ಶಂಕಿಸಲು ನಮ್ಮ ನಾಡಿನಲ್ಲಿಯೇ ದೊರೆತ ಸಾಕ್ಷ್ಯವಿದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ ಹುಟ್ಟಿದಾಗ ತೂಗಲ್ಪಟ್ಟ ಶಿಶುಗಳಲ್ಲಿ ಶೇಕಡ 18ರಷ್ಟು ಎರಡೂವರೆ ಕಿಲೋ ಮುಟ್ಟಿರಲಿಲ್ಲ. ಇವುಗಳಲ್ಲಿ ಕೆಲವು ದಿನ ತುಂಬುವ ಮೊದಲೇ ಹುಟ್ಟಿದವು. ಕೆಲವು ಸಹಜವಾಗಿಯೇ ಸಣ್ಣವು, ಅವುಗಳಿಗೆ ಅಪಾಯವಿಲ್ಲ. ತಾಯಿಯ ರಕ್ತದೊತ್ತಡ, ರಕ್ತಹೀನತೆ, ಅರೆಹೊಟ್ಟೆ, ತಂಬಾಕು, ಇಲ್ಲವೇ ಮಾಸಿನ ದೋಷದಿಂದ ಗರ್ಭದೊಳಗೆ ಸೊರಗಿದವು ಮೂರನೆಯ ವರ್ಗದವು. ಒಳಗೆಯೇ ಸದ್ದಿಲ್ಲದೆ ಸಾಯುವ ಭಯವಿರುವುದು ಮುಖ್ಯವಾಗಿ ಇವುಗಳಿಗೆ.

ಇವನ್ನು ಬೇರ್ಪಡಿಸಿ ಗುರುತಿಸುವ ಸಾಧನವೇ ಜನರು ಸ್ಕ್ಯಾನಿಂಗ್ ಎಂದು ಕರೆಯುವ ಅಲ್ಟ್ರಾಸೌಂಡ್ ಪರೀಕ್ಷೆ. ಕಿವಿಗೆ ಕೇಳಿಸದ ಧ್ವನಿಯನ್ನು ಒಳಕ್ಕೆ ಕಳುಹಿಸಿ, ಮರಳಿದ ಪ್ರತಿಧ್ವನಿಯಿಂದ ಚಿತ್ರವನ್ನು ರಚಿಸುವ ಈ ವಿದ್ಯೆಯನ್ನು ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ವೈದ್ಯಲೋಕದ ಮುಂದಿಟ್ಟರು. ಶಿಶುವಿನ ಹೊಟ್ಟೆಯ ಸುತ್ತಳತೆಯಿಂದ ಅದರ ತೂಕವನ್ನು ಅಂದಾಜು ಮಾಡುವ ಕ್ರಮವನ್ನು ಸ್ಟುವರ್ಟ್ ಕ್ಯಾಂಪ್‌ಬೆಲ್ಲರು 1975ರಲ್ಲಿ ತೋರಿಸಿಕೊಟ್ಟರು. ಹೊಟ್ಟೆಯನ್ನೇ ಏಕೆ ಅಳೆಯಬೇಕು? ಆಹಾರ ಸಾಲದಾದಾಗ ಪ್ರಕೃತಿಯು ಮಿದುಳಿಗೆ ಮೊದಲು ಬಡಿಸಿ ಯಕೃತ್ತಿನ ಸಂಗ್ರಹವನ್ನು ಕಡಿಮೆಮಾಡುವುದು. ತಲೆ ಬೆಳೆಯುತ್ತಿದ್ದರೂ ಹೊಟ್ಟೆ ಹಿಂದೆ ಬೀಳುವುದು. ಡಾಪ್ಲರ್ ಪರೀಕ್ಷೆಯಿಂದ ಹೊಕ್ಕುಳ ಬಳ್ಳಿಯಲ್ಲಿ ರಕ್ತ ಹರಿಯುವ ಬಗೆಯೂ ತಿಳಿಯುವುದು. ಹೃದಯದ ಎರಡು ಬಡಿತಗಳ ನಡುವೆ ಆ ಹರಿವು ನಿಂತುಹೋಗಿದ್ದರೆ, ಅಥವಾ ಹಿಂದಕ್ಕೆ ತಿರುಗಿದ್ದರೆ, ವೈದ್ಯರು ಕಾಯುತ್ತ ಕುಳಿತಿರಲು ಸಮಯವಿಲ್ಲ.

ಆದರೆ ಬೆಳವಣಿಗೆ ಎಂಬುದು ಎರಡು ಅಳತೆಗಳ ನಡುವಣ ಅಂತರ. ಒಂದೇ ಅಳತೆಯಿಂದ ಗಾತ್ರ ತಿಳಿದೀತು, ಬೆಳವಣಿಗೆ ತಿಳಿಯದು. ಆ ಗಾತ್ರವು ಕಡಿಮೆಯೋ ಸರಿಯೋ ಎಂದು ಹೇಳಬೇಕಾದರೂ ಗರ್ಭಕ್ಕೆ ಎಷ್ಟು ವಾರಗಳಾದುವೆಂಬುದು ಗೊತ್ತಿರಬೇಕು. ಯುಗಾದಿಯ ಹಿಂದೋ ಮುಂದೋ ಮುಟ್ಟಾದೆನೆಂದು ಹೇಳುವ ಗೃಹಿಣಿಯನ್ನು ಆಕ್ಷೇಪಿಸಿ ಫಲವಿಲ್ಲ. ಮೊದಲ ಮೂರು ತಿಂಗಳೊಳಗೆ ಪರೀಕ್ಷಿಸಿದರೆ ವಾರಗಳ ಲೆಕ್ಕವು ಹೆಚ್ಚೆಂದರೆ ಒಂದು ವಾರದಷ್ಟು ತಪ್ಪೀತು. ಕೊನೆಯ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಪರೀಕ್ಷಿಸಿದರೆ ಮೂರು ವಾರಗಳವರೆಗೂ ತಪ್ಪಬಹುದು. ಆಗ ಸೊರಗಿದ ಎಂಟು ತಿಂಗಳ ಕೂಸು ಆರೋಗ್ಯವಂತ ಏಳು ತಿಂಗಳ ಕೂಸಿನಂತೆ ಕಾಣುವುದು. ತಾಯಿಯು ನಿಶ್ಚಿಂತೆಯಿಂದ ಮನೆಗೆ ಮರಳುವಳು.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ 9ನೆಯ ತಾರೀಖು ಗರ್ಭಿಣಿಯರಿಗೆ ಉಚಿತ ತಪಾಸಣೆಯ ಏರ್ಪಾಡಿದೆ. ಇದು ಸ್ತುತ್ಯವೇ ಸರಿ. ಆದರೆ ಅದು ಮೂರು ತಿಂಗಳು ಕಳೆದ ಗರ್ಭಿಣಿಯರಿಗಾಗಿ ಏರ್ಪಟ್ಟುದು. ವಾರಗಳ ಲೆಕ್ಕ ನಿಶ್ಚಯವಾಗಬೇಕಾದ ಕಾಲವೇ ಅದರ ಹೊರಗುಳಿದಿದೆ. ಇದು ಸಣ್ಣ ಲೋಪವೆಂದು ನಮಗೆ ತೋರುವುದಿಲ್ಲ.

ಹಾಗೆಂದು ಎಲ್ಲರಿಗೂ ತಿಂಗಳಿಗೊಂದು ಸ್ಕ್ಯಾನಿಂಗ್ ಆಗಲೆಂದು ನಾವು ಹೇಳುವವರಲ್ಲ. ಅಪಾಯದ ಲಕ್ಷಣವಿಲ್ಲದ ಸ್ತ್ರೀಯರಿಗೆ ಕೊನೆಯ ತಿಂಗಳುಗಳಲ್ಲಿ ವಾಡಿಕೆಯಾಗಿ ಮಾಡುವ ಪರೀಕ್ಷೆಯಿಂದ ಶಿಶುಮರಣ ಕಡಿಮೆಯಾಗುವುದೆಂಬುದು ಸಿದ್ಧಪಟ್ಟಿಲ್ಲ. ತೂಕದ ಅಂದಾಜೂ ನೂರಕ್ಕೆ ಹತ್ತು ಹದಿನೈದರಷ್ಟು ಆಚೀಚೆಯಾಗುವುದುಂಟು. ಪೇಟೆಯ ಅನುಕೂಲಸ್ಥರಿಗೆ ಬೇಡದ ಚಿತ್ರಗಳ ಸುರುಳಿ, ಹಳ್ಳಿಯ ಬಡವಿಗೆ ಹೊತ್ತುಮೀರಿದ ಒಂದು ಚಿತ್ರ: ಈ ಹಂಚಿಕೆ ನ್ಯಾಯವಲ್ಲ. 24ನೆಯ ವಾರದ ನಂತರ ಗರ್ಭಕೋಶದ ಎತ್ತರವನ್ನು ಟೇಪಿನಿಂದ ಅಳೆದರೆ ಸೆಂಟಿಮೀಟರುಗಳು ಸುಮಾರಾಗಿ ವಾರಗಳಷ್ಟೇ ಇರುವುವು. ಆರೋಗ್ಯ ಸಹಾಯಕಿಯು ಪ್ರತಿಸಲವೂ ಅಳೆದು ತಾಯಿ ಕಾರ್ಡಿನಲ್ಲಿ ಬರೆದು, ಹಿಂದುಳಿದವರನ್ನು ಯಂತ್ರದ ಬಳಿಗೆ ಕಳುಹಿಸಲಿ.

ಹೆಣ್ಣು ಭ್ರೂಣದ ಕೊಲೆಗೆ ಇದೇ ಯಂತ್ರವು ಉಪಕರಣವಾದುದು ದೇಶಕ್ಕೆ ಕಳಂಕ. ಲಿಂಗಪತ್ತೆಯನ್ನು ನಿಷೇಧಿಸುವ 1994ರ ಶಾಸನವು ಸಡಿಲಾಗಕೂಡದು. ಆದರೆ ಆ ಶಾಸನದ ಎಫ್ ನಮೂನೆಯಲ್ಲಿಯೇ ಶಿಶುವಿನ ಬೆಳವಣಿಗೆಯ ಪರೀಕ್ಷೆಯು ಅಂಗೀಕೃತ ಕಾರಣವಾಗಿ ನಮೂದಾಗಿರುವಾಗ, ಕಾನೂನಿನ ಭಯವನ್ನು ಮುಂದೊಡ್ಡಿ ತಾಲೂಕು ಆಸ್ಪತ್ರೆಯ ಯಂತ್ರವನ್ನು ಬೀಗದೊಳಗಿಡುವುದಕ್ಕೆ ಯಾವ ಅಧಿಕಾರಿಗೂ ಸಬೂಬಿಲ್ಲ.

ಸೊರಗಿದ ಕೂಸನ್ನು ಗರ್ಭದೊಳಗೇ ಗುಣಪಡಿಸುವ ಔಷಧವು ಇನ್ನೂ ದೊರೆತಿಲ್ಲ. ವೈದ್ಯರ ಕೈಯಲ್ಲಿರುವುದು ತಾಯಿಯ ರೋಗಕ್ಕೆ ಚಿಕಿತ್ಸೆ, ಕೂಸಿನ ಮೇಲೆ ನಿಗಾ, ಹೆರಿಗೆಗೆ ತಕ್ಕ ಗಳಿಗೆಯ ಆಯ್ಕೆ, ಅಕಾಲ ಹೆರಿಗೆಯಾಗುವುದಾದರೆ ಶ್ವಾಸಕೋಶ ಬಲಿಯಲು ಮುಂಚಿತವಾಗಿ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು, ಇಷ್ಟೇ. ಆದುದರಿಂದ ಯಂತ್ರವನ್ನು ಕೊಂಡು ಉದ್ಘಾಟಿಸಿದೊಡನೆ ಕರ್ತವ್ಯ ಮುಗಿಯಿತೆಂದು ಆರೋಗ್ಯ ಇಲಾಖೆಯವರು ತಿಳಿಯಬಾರದು. ಪ್ರತಿಯೊಂದು ತಾಲೂಕು ಆಸ್ಪತ್ರೆಯಲ್ಲಿಯೂ ಪರೀಕ್ಷೆ ಬಲ್ಲ ವೈದ್ಯರನ್ನು ನಿಯಮಿಸಿ, ಮೊದಲ ಮೂರು ತಿಂಗಳೊಳಗಣ ಪರೀಕ್ಷೆಯನ್ನು ಎಲ್ಲ ಗರ್ಭಿಣಿಯರಿಗೂ ಉಚಿತವಾಗಿ ಒದಗಿಸಿ, ಅಪಾಯವಿದ್ದವರಿಗೆ ಎರಡು ಮೂರು ವಾರಗಳಿಗೊಮ್ಮೆ ಮರುಪರೀಕ್ಷೆಯನ್ನೂ, ಎಳೆಗೂಸುಗಳ ಚಿಕಿತ್ಸಾ ಘಟಕವಿರುವ ಆಸ್ಪತ್ರೆಗೆ ವಾಹನವನ್ನೂ ಗೊತ್ತುಮಾಡಬೇಕು. ಇದಕ್ಕೆ ತಗಲುವ ವೆಚ್ಚವೆಷ್ಟೆಂಬುದನ್ನು ಸರಕಾರವು ಮುಂದಿನ ಆಯವ್ಯಯದಲ್ಲಿ ಪ್ರತ್ಯೇಕವಾಗಿ ತೋರಿಸಲಿ.