ಗೋಡೆ ಒಂದೇ, ಬೆಕ್ಕು ಯಾರದು?

ಅಕ್ಕಂದ್ರೆ, ಮಕ್ಕಳ ಕತೆಪುಸ್ತಕದಾಗೆ ಪಕ್ಕದ್ಮನೆ ಬೆಕ್ಕು ಹಾಲು ಕುಡಿದ್ರೆ ನಗ್ತೀವಿ, ಇನ್ನೊಂದ್ಸಾರಿ ಓದಿ ಹೇಳ್ತೀವಿ. ಅದೇ ಬೆಕ್ಕು ನಮ್ಮ ಅಡುಗೆಮನೆಗೆ ನುಗ್ಗಿದ್ರೆ ಪೊರಕೆ ಎತ್ತಿ, ಸಾಕಿದೋಳ ಜೊತೆ ಮೂರು ತಿಂಗಳು ಮಾತು ಬಿಡ್ತೀವಿ. ಇದ್ಯಾವ ನ್ಯಾಯ?

ನಮ್ಮ ಊರಿಗಾಂ ಲೈನ್ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡವೆ. ಬೆಕ್ಕಿಗೆ, ಕೋಳಿಗೆ ಮನೆ ನಂಬರ್ ಓದೋಕೆ ಬರ್ತದಾ? 2001ರಲ್ಲಿ ಗಣಿ ಮುಚ್ಚಿದ್ಮೇಲೆ ಎಷ್ಟೋ ಮನೆ ದುಡಿಯೋರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗ್ತಾರೆ. ಹಗಲೊತ್ತು ಜ್ವರ ಬಂದ್ರೆ ಗಂಜಿ ಕೊಡೋಳು ಪಕ್ಕದ್ಮನೆಯೋಳೇ. ಒಂದು ಲೋಟ ಹಾಲಿಗೆ ಅವಳನ್ನ ಕಳ್ಕೋಬೇಕಾ?

ಹಂಗಂತ ಸಾಕಿದೋರು ಮೆರೀಬೇಡಿ. "ನಮ್ಮ ನಾಯಿ ಕಚ್ಚಲ್ಲ" ಅನ್ನೋ ಮಾತು ಯಾರಿಗೂ ಬೇಡ. ನಾಯಿಗೂ ಬೆಕ್ಕಿಗೂ ವರ್ಷಾವರ್ಷ ರೇಬೀಸ್ ಸೂಜಿ ಹಾಕ್ಸಿ. ಆ ರೋಗದ ಲಕ್ಷಣ ಕಾಣಿಸ್ಕೊಂಡ್ಮೇಲೆ ಮನುಷ್ಯರು ಉಳಿಯೋದೇ ಅಪರೂಪ. ಕಚ್ಚಿದ್ರೆ, ಪರಚಿದ್ರೆ ಅರಿಶಿನ, ಸುಣ್ಣ ಬಳೀಬೇಡಿ. 15 ನಿಮಿಷ ಸೋಪು ಹಾಕಿ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಿ.

ಸೂಜಿ ಖರ್ಚು ಸಾಕಿದೋಳದು, ಹಾಲಿಗೆ ಮುಚ್ಚಳ ನಮ್ಮದು. ಇನ್ನು ಜಗಳಕ್ಕೆ ಏನು ಉಳೀತು, ಹೇಳಿ?