ಕೇಕಿಗೆ ಚಪ್ಪಾಳೆ, ಹೋಳಿಗೆಗೆ?

ಈ ಸಲ ಸೆಮ್ ರಜೆಗೆ ಊರಿಗೆ ಹೋದವರಲ್ಲಿ ಎಷ್ಟು ಜನ ಮನೇಲಿ ಕೇಕ್ ಮಾಡಿದ್ರಿ? ನಮ್ಮ ಕ್ಲಾಸಲ್ಲಿ ಕೇಳಿದ್ರೆ ಸುಮಾರು ಕೈ ಮೇಲೆ ಬಂತು. ಹುಡುಗರ ಕೈಯೂ ಇತ್ತು, ಸಂತೋಷ. ಅದೇ ಉಸಿರಲ್ಲಿ, ಹೋಳಿಗೆ ಮಾಡೋಕೆ ಯಾರಿಗೆ ಬರತ್ತೆ ಅಂತ ಕೇಳಿದ್ವಿ. ಕೈಯೆಲ್ಲ ಕೆಳಗೆ. ಒಂದೇ ಒಂದು ಕೈ ಅರ್ಧಕ್ಕೆ ನಿಂತಿತ್ತು: "ತಟ್ಟೋಕೆ ಬರತ್ತೆ, ಹೂರಣ ಅಮ್ಮ ಮಾಡಿ ಇಟ್ಟಿರ್ತಾರೆ."

ಈ ಬರಹದಲ್ಲಿ 'ನಾವು' ಅಂದ್ರೆ ನಾಲ್ಕು ಜನ ಗೆಳೆಯ ಗೆಳತಿಯರು. ಎಲ್ಲರೂ ಸೆಕೆಂಡ್ ಇಯರ್, ಎಲ್ಲರೂ ಇಂಗ್ಲಿಷ್ ಮೀಡಿಯಂ, ಎಲ್ಲರ ಮನೇಲೂ ಕೇಕ್ ಆಗತ್ತೆ, ಯಾರ ಮನೇಲೂ ಓವನ್ ಇಲ್ಲ. ನಮ್ಮ ವಾದ ಎರಡು ಭಾಗ. ಒಂದು, ಹುಟ್ಟುಹಬ್ಬ, ಆನಿವರ್ಸರಿ, ಅತ್ತೆ ಮಾವ ಬಂದ ಭಾನುವಾರ, ಇವಕ್ಕೆಲ್ಲ ಆ್ಯಪ್‌ನಲ್ಲಿ ಕೇಕ್ ಆರ್ಡರ್ ಮಾಡೋದು ಬಿಟ್ಟು ಮನೇಲೇ ಮಾಡಬೇಕು. ಎರಡನೇದು ಸ್ವಲ್ಪ ಜಗಳದ ವಿಷಯ, ಅದಕ್ಕೆ ಆಮೇಲೆ ಬರ್ತೀವಿ.

ಮೊದಲು ಓವನ್ ಇಲ್ಲ ಅನ್ನೋ ನೆಪ ತೆಗೆದುಹಾಕೋಣ. ಕರ್ನಾಟಕದ ಬಹುತೇಕ ಮನೆಗಳಲ್ಲಿ ಕೇಕ್ ಹುಟ್ಟೋದು ಪ್ರೆಶರ್ ಕುಕ್ಕರಲ್ಲಿ. ತಳಕ್ಕೆ ಒಂದು ಪದರ ಕಲ್ಲುಪ್ಪು ಅಥವಾ ಮರಳು, ಮೇಲೆ ಒಂದು ಸ್ಟ್ಯಾಂಡ್, ಅದರ ಮೇಲೆ ಕೇಕಿನ ಪಾತ್ರೆ. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ತೆಗೀಬೇಕು, ವಿಷಲ್ ತೆಗೀಬೇಕು, ಒಳಗೆ ಒಂದು ಹನಿ ನೀರೂ ಇರಬಾರದು. ಯಾಕೆ ಅನ್ನೋದು ನಮ್ಮಂಥವರಿಗೆ ರುಚಿಸೋ ಪ್ರಶ್ನೆ. ನೀರು ಹಾಕಿ ವಿಷಲ್ ಇಟ್ರೆ ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಲ್ಲ. ಅನ್ನಕ್ಕೆ ಅದು ಸಾಕು. ಆದರೆ ಕೇಕಿನ ಕಂದು ಬಣ್ಣ, ಆ ಬೇಕರಿ ವಾಸನೆ ಬರೋದು ಪ್ರೋಟೀನು ಸಕ್ಕರೆ ಸೇರಿ ನಡೆಸೋ ಮೇಯಾರ್ ಕ್ರಿಯೆಯಿಂದ. ಅದು ಚುರುಕಾಗೋದು 140 ಡಿಗ್ರಿ ದಾಟಿದ ಮೇಲೆ. ಹಬೆಯಲ್ಲಿ ಬೇಯಿಸಿದ್ರೆ ಸಿಗೋದು ಸಿಹಿ ಇಡ್ಲಿ. ಒಣ ಶಾಖ ಬೇಕು, ಅದಕ್ಕೇ ಉಪ್ಪು. ಉಪ್ಪು 801 ಡಿಗ್ರಿವರೆಗೂ ಕರಗಲ್ಲ, ಸುಮ್ಮನೆ ಕೂತು ಶಾಖವನ್ನು ಸಮನಾಗಿ ಹಂಚತ್ತೆ. ನಮ್ಮೂರ ಕಡೆ ಕುಕ್ಕರ್ ಬರೋಕೆ ಮುಂಚೆ ದಪ್ಪ ತಳದ ಪಾತ್ರೆಗೆ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸ್ತಿದ್ರಂತೆ. ಎರಡೂ ಕಡೆ ಹೀಟಿಂಗ್ ಎಲಿಮೆಂಟ್, ಅಷ್ಟೇ ತಾನೆ.

ಒಂದು ಮಾತು: ಅಮ್ಮನ ಹೊಸ ಕುಕ್ಕರ್ ಮುಟ್ಟಬೇಡಿ. ನೀರಿಲ್ಲದೆ ಮುಕ್ಕಾಲು ಗಂಟೆ ಕಾಯಿಸೋದು ಅದಕ್ಕೆ ಒಳ್ಳೇದಲ್ಲ. ಅಟ್ಟದ ಮೇಲೆ ಹಿಡಿ ಮುರಿದ ಹಳೇದೊಂದು ಇದ್ದೇ ಇರತ್ತೆ, ಅದು ಸಾಕು.

ಇನ್ನು ಮೊಟ್ಟೆ. ಯಾವ ಕುಟುಂಬದ ಸಮಾರಂಭದಲ್ಲೂ ಕೇಕ್ ಬಂದ ತಕ್ಷಣ ಏಳೋ ಮೊದಲ ಪ್ರಶ್ನೆ, "ಎಗ್‌ಲೆಸ್ಸಾ?" ನಮ್ಮಲ್ಲಿ ಇಬ್ಬರ ಮನೇಲಿ ಮೊಟ್ಟೆ, ಮೀನು ಎಲ್ಲ ನಡೆಯತ್ತೆ, ಇಬ್ಬರ ಮನೇಲಿ ನಡೆಯಲ್ಲ. ಮೊಟ್ಟೆ ಇಲ್ಲದ ಕೇಕೇ ಶ್ರೇಷ್ಠ ಅಂತೇನೂ ನಾವು ಹೇಳ್ತಿಲ್ಲ. ಮೊಟ್ಟೆ ಮಾಡೋ ಕೆಲಸ ದೊಡ್ಡದೇ: ಗಾಳಿ ಹಿಡಿಯತ್ತೆ, ಕಾದಾಗ ಗಟ್ಟಿಯಾಗಿ ಕೇಕಿಗೆ ಎಲುಬು ಕೊಡತ್ತೆ. ಆದರೆ ಎಲ್ಲರೂ ಒಂದೇ ತಟ್ಟೆಯಿಂದ ತಿನ್ನಬೇಕು ಅಂದ್ರೆ ಮೊಸರು ಮತ್ತು ಸೋಡಾ ಸಾಕು. ಮೊಸರಿನ ಹುಳಿ ಅಡುಗೆ ಸೋಡಾ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡತ್ತೆ, ಹಿಟ್ಟು ಉಬ್ಬತ್ತೆ. ಸೋಡಾ ಜಾಸ್ತಿ ಆದ್ರೆ ಹುಳಿ ಸಾಲದೆ ಉಳಿದಿದ್ದು ಕೇಕಿಗೆ ಸೋಪಿನ ರುಚಿ ಕೊಡತ್ತೆ. ಲಾಕ್‌ಡೌನ್ ಟೈಮಲ್ಲಿ ಎಲ್ಲರ ಮನೇಲೂ ಬಿಸ್ಕತ್ತು ಪುಡಿ ಮಾಡಿ ಈನೋ ಹಾಕಿ ಕೇಕ್ ಮಾಡಿದ್ರಲ್ಲ, ಅದೂ ಇದೇ ಲೆಕ್ಕ. ಈನೋದಲ್ಲಿ ಇರೋದು ಸೋಡಾ ಮತ್ತು ಸಿಟ್ರಿಕ್ ಆಮ್ಲ.

'ಎಗ್‌ಲೆಸ್ ಅಂದ್ರೆ ಕೇಕೇ ಅಲ್ಲ' ಅನ್ನೋ ಗೆಳೆಯರಿಗೆ ಒಂದು ಹಳೇ ಸುದ್ದಿ. ಬೇಕಿಂಗ್ ಪೌಡರ್ ಅನ್ನು 1843ರಲ್ಲಿ ಮಾಡಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಅನ್ನೋ ರಸಾಯನಶಾಸ್ತ್ರಜ್ಞ. ಅವರ ಹೆಂಡತಿಗೆ ಯೀಸ್ಟ್ ಆಗ್ತಿರಲಿಲ್ಲ, ಮೊಟ್ಟೆಯೂ ಆಗ್ತಿರಲಿಲ್ಲ. ಅದಕ್ಕೂ ಆರು ವರ್ಷ ಮುಂಚೆ, ಆಕೆಗಾಗಿಯೇ ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿಯನ್ನೂ ಅವರು ಮಾಡಿದ್ರು. ಅಂದ್ರೆ ನಿಮ್ಮ ಫ್ಯಾನ್ಸಿ ಕೇಕಿನ ಡಬ್ಬಿಯಲ್ಲಿರೋ ಪುಡಿ ಹುಟ್ಟಿದ್ದೇ ಮನೇಲಿ ಒಬ್ಬರು ತಿನ್ನೋಕಾಗಲ್ಲ ಅನ್ನೋ ಕಾರಣಕ್ಕೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳು ಹನಿ ಕೇಕು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ಕೊಟ್ಟು ಎಷ್ಟೋ ಸಂಪ್ರದಾಯಸ್ಥ ಮನೆಗಳ ಬಾಗಿಲು ತೆರೆಸಿದ್ದೂ ಇದೇ ದಾರಿಯಲ್ಲಿ. (ಅಂದಹಾಗೆ ನಾವು ಈ ಬೇಕರಿಗಳ ವಿರುದ್ಧ ಅಲ್ಲ. ಲ್ಯಾಬ್ ಮುಗಿದ ಮೇಲೆ ಖಾರ ಬನ್ ಇಲ್ಲದ ಜೀವನ ನಮಗೆ ಬೇಡ.)

ಇಲ್ಲೇ ಇನ್ನೊಂದು ಹೇಳಬೇಕು. ಮೊಟ್ಟೆ ಹಾಕಿದ ಕೇಕನ್ನು 'ಹಾಕಿಲ್ಲ ತಿನ್ನಿ ಅಜ್ಜಿ' ಅಂತ ತಿನ್ನಿಸಿ, ಆಮೇಲೆ ಕಸಿನ್ಸ್ ಎಲ್ಲ ಮೂಲೇಲಿ ಸೇರಿ ನಗೋದನ್ನ ಎಷ್ಟೋ ಮನೇಲಿ ನೋಡಿದೀವಿ. ಅದು ಜೋಕ್ ಅಲ್ಲ. ಅಜ್ಜಿಯ ನಂಬಿಕೆ ನಿಮಗೆ ಒಪ್ಪಿಗೆ ಇಲ್ದೇ ಇರಬಹುದು, ಎದುರಿಗೆ ಕೂತು ವಾದ ಮಾಡಿ. ಬಾಯಿಗೆ ಏನು ಹೋಗ್ತಿದೆ ಅಂತ ತಿಳ್ಕೊಳ್ಳೋ ಹಕ್ಕು ಎಂಬತ್ತು ವರ್ಷದವರಿಗೂ ಇದೆ.

ಈಗ ಜಗಳದ ವಿಷಯ.

ಮಗ ಅಥವಾ ಮಗಳು ರಜೇಲಿ ಬಂದು ಕೇಕ್ ಮಾಡಿದ್ರೆ ಏನಾಗತ್ತೆ ನೋಡಿ. ಎಲ್ಲರೂ ಟೇಬಲ್ ಸುತ್ತ ಸೇರ್ತಾರೆ. ಫೋಟೋ ಆಗತ್ತೆ, ವಾಟ್ಸಾಪ್ ಸ್ಟೇಟಸ್ ಆಗತ್ತೆ, ದುಬೈನಲ್ಲಿರೋ ಚಿಕ್ಕಪ್ಪ ಹೃದಯದ ಇಮೋಜಿ ಕಳಿಸ್ತಾರೆ. ಕತ್ತರಿಸೋವಾಗ ಚಪ್ಪಾಳೆ. ಹುಡುಗ ಮಾಡಿದ್ರಂತೂ ಕೇಳಲೇಬೇಡಿ: "ಅಬ್ಬಾ, ನಮ್ ಹುಡುಗ ಅಡುಗೇನೂ ಕಲ್ತಿದಾನೆ!" ಅದೇ ಕೇಕನ್ನು ಅವನ ಅಕ್ಕ ಮಾಡಿದ್ರೆ, "ಒಳ್ಳೇದಾಯ್ತು, ಮುಂದೆ ಅನುಕೂಲ ಆಗತ್ತೆ." ಯಾರಿಗೆ ಅನುಕೂಲ ಅಂತ ಯಾರೂ ಬಿಡಿಸಿ ಹೇಳಲ್ಲ. ನಮ್ಮ ನಾಲ್ವರಲ್ಲಿ ಇಬ್ಬರಿಗೆ ಮೊದಲನೇ ಮಾತು ಸಿಕ್ಕಿದೆ, ಇಬ್ಬರಿಗೆ ಎರಡನೇದು.

ಇನ್ನು ಅದೇ ಮನೇಲಿ ಯುಗಾದಿ. ಮೂವತ್ತು ಜನಕ್ಕೆ ಹೋಳಿಗೆ. ಬೇಳೆ ಬೇಯಿಸಬೇಕು, ಕರಗಬಾರದು, ಬೆರಳಲ್ಲಿ ಒತ್ತಿದ್ರೆ ಮುರೀಬೇಕು. ಕಟ್ಟು ಬಸಿದು ಸಾರಿಗೆ ಎತ್ತಿಡಬೇಕು. ಬೆಲ್ಲ ಹಾಕಿ ಗಟ್ಟಿ ಆಗೋವರೆಗೂ ಕೈಯಾಡಿಸಬೇಕು, ರುಬ್ಬಬೇಕು. ಕಣಕ ಬೇರೆ ಕಲಸಿ, ಎಣ್ಣೆ ಹಾಕಿ ನಾದಿ, ಗಂಟೆಗಟ್ಟಲೆ ನೆನೆಯೋಕೆ ಬಿಡಬೇಕು. ಆಮೇಲೆ ಒಬ್ಬರಿಗೆ ಎರಡರಂತೆ ಅರವತ್ತು ಹೋಳಿಗೆ. ಒಂದಕ್ಕೆ ಎರಡು ನಿಮಿಷ ಅಂದ್ರೂ ಹೆಂಚಿನ ಮುಂದೆ ಎರಡು ಗಂಟೆ ನಿಲ್ಲಬೇಕು, ಅದೂ ಏಪ್ರಿಲ್ ಬಿಸಿಲಲ್ಲಿ. ಕೇಕಿಗೆ ಹದಿನೈದು ನಿಮಿಷ ಕಲಸೋ ಕೆಲಸ, ಉಳಿದ ಮುಕ್ಕಾಲು ಗಂಟೆ ಕುಕ್ಕರೇ ನೋಡ್ಕೊಳ್ಳತ್ತೆ, ನಾವು ಹೊರಗೆ ಕೂತು ರೀಲ್ಸ್ ನೋಡ್ತೀವಿ. ಹೋಳಿಗೆಗೆ ಯಾರು ಚಪ್ಪಾಳೆ ತಟ್ತಾರೆ? "ಸ್ವಲ್ಪ ತುಪ್ಪ ಹಾಕು" ಅನ್ನೋದೇ ಅಲ್ಲಿ ದೊಡ್ಡ ಪ್ರಶಂಸೆ. ಮಾಡಿದವರು ಕೊನೇ ಪಂಕ್ತಿಯಲ್ಲಿ ಊಟಕ್ಕೆ ಕೂರೋ ಹೊತ್ತಿಗೆ ಉಳಿದಿರೋದು ಹರಿದವು, ಹೂರಣ ಆಚೆ ಬಂದವು.

ಕೇಕ್ ಹವ್ಯಾಸ, ಹೋಳಿಗೆ ಕರ್ತವ್ಯ. ಈ ವಿಂಗಡಣೆ ಯಾರೂ ಕೂತು ಮಾಡಿದ್ದಲ್ಲ, ಆದ್ರೆ ಇದೆ. ಇಷ್ಟ ಬಂದಾಗ ಮಾಡೋದಕ್ಕೆ ಹೊಗಳಿಕೆ, ಬಿಡೋಕೆ ಆಗದೇ ಇರೋದಕ್ಕೆ ಮೌನ. ಇನ್ನೂ ಬೇಜಾರಿನ ಸಂಗತಿ ಅಂದ್ರೆ ಕೇಕ್ ಆದ ಮೇಲೆ ಸಿಂಕ್‌ನಲ್ಲಿ ಬಿದ್ದಿರೋ ಮೈದಾ ಮೆತ್ತಿದ ಬಟ್ಟಲು, ಕೋಕೋ ಅಂಟಿದ ಸೌಟು, ಎಣ್ಣೆ ಸವರಿದ ಪಾತ್ರೆ, ಇದನ್ನೆಲ್ಲ ಬಹಳಷ್ಟು ಮನೇಲಿ ತೊಳೆಯೋದು ಹೋಳಿಗೆ ಮಾಡಿದ ಅದೇ ಕೈ. 'ಅಮ್ಮನಿಗೆ ಸರ್ಪ್ರೈಸ್ ಬರ್ತ್‌ಡೇ ಕೇಕ್' ಮಾಡಿದ ದಿನವೂ ಇದೇ ಕಥೆ ಆದ್ರೆ ಅದು ಉಡುಗೊರೆ ಹೇಗಾಗತ್ತೆ?

ಹಾಗಂತ ಕೇಕ್ ಬಿಡಿ, ಸಂಪ್ರದಾಯದ ಸಿಹಿ ಮಾಡಿ ಅನ್ನೋ ಭಾಷಣ ಅಲ್ಲ ಇದು. ಆ ಭಾಷಣ ಮಾಡೋರು ಸಾಮಾನ್ಯವಾಗಿ ಹೂರಣ ರುಬ್ಬಿದವರಲ್ಲ. ನಾವು ಕೇಳ್ತಿರೋದು ಇಷ್ಟೇ: ಕೇಕ್ ನಮ್ಮನ್ನ ಅಡುಗೆಮನೆ ಒಳಗೆ ಕರ್ಕೊಂಡು ಬಂದಿದೆ, ಅಲ್ಲಿಂದ ವಾಪಸ್ ಹೋಗೋದು ಬೇಡ.

ಹಾಗೆ ಒಳಗೆ ನಿಂತಾಗ ನಮಗೆ ಸಿಕ್ಕ ಅಡ್ಡಿ ಭಾಷೆಯದ್ದು. ಇಂಟರ್ನೆಟ್ಟಿನ ರೆಸಿಪಿ ನಮಗೆ ಸಲೀಸು; ಕಪ್ಪು, ಗ್ರಾಂ, 180 ಡಿಗ್ರಿ, 40 ನಿಮಿಷ. ಅಮ್ಮನ ರೆಸಿಪಿ ಕೇಳಿ: "ಹದ ನೋಡ್ಕೊಂಡು ಬೆಲ್ಲ ಹಾಕು." ಎಷ್ಟು? "ಬೇಕಾದಷ್ಟು." ಪಾಕ ಎಷ್ಟು ಹೊತ್ತು? "ಎಳೆ ಬರೋವರೆಗೆ." ಮೊದಲು ಇದು ಅಳತೆಯೇ ಅಲ್ಲ ಅನ್ನಿಸತ್ತೆ. ಆದ್ರೆ ಪಿಯುಸಿ ಕೆಮಿಸ್ಟ್ರಿ ನೆನಪು ಮಾಡ್ಕೊಳ್ಳಿ. ನೀರಲ್ಲಿ ಸಕ್ಕರೆಯ ಸಾಂದ್ರತೆ ಹೆಚ್ಚಿದಂತೆ ಕುದಿಯೋ ಬಿಂದು ಮೇಲೆ ಹೋಗತ್ತೆ. ಒಂದೆಳೆ ಪಾಕ ಅಂದ್ರೆ ಸುಮಾರು 105 ಡಿಗ್ರಿ ಆಸುಪಾಸು. ನೀರಲ್ಲಿ ಹಾಕಿದ್ರೆ ಮೆತ್ತಗೆ ಉಂಡೆ ಕಟ್ಟೋ ಪಾಕ 115ರ ಹತ್ತಿರ. ಹೆಬ್ಬೆರಳು ತೋರುಬೆರಳ ಮಧ್ಯೆ ಒಂದು ಹನಿ ಹಿಡಿದು, ಎಳೆದು, ಅಮ್ಮ ಅಳೀತಿರೋದು ಸಾಂದ್ರತೆಯನ್ನೇ. ಥರ್ಮಾಮೀಟರ್ ಇಲ್ಲದ ಇನ್ಸ್ಟ್ರುಮೆಂಟೇಶನ್ ಅದು. 'ಹದ' ಅನ್ನೋ ಪದಕ್ಕೆ ಸರಿಸಾಟಿ ಇಂಗ್ಲಿಷ್ ಪದ ಹುಡುಕಿ ನಾವು ನಾಲ್ವರೂ ಸೋತಿದೀವಿ. ಮಣ್ಣಿಗೂ ಹದ ಅಂತಾರೆ, ಹಿಟ್ಟಿಗೂ ಹದ ಅಂತಾರೆ, ಬಿಸಿನೀರಿಗೂ ಅಂತಾರೆ. ನಾದು, ತಟ್ಟು, ಲಟ್ಟಿಸು, ಬಸಿ, ಕೈಯಾಡಿಸು, ಈ ಪದಗಳು ನಮಗೆ ಸಿಕ್ಕಿದ್ದು ಯಾವ ಪಠ್ಯಪುಸ್ತಕದಿಂದಲೂ ಅಲ್ಲ, ಸ್ಟೂಲ್ ಹಾಕ್ಕೊಂಡು ಅಡುಗೆಮನೇಲಿ ಕೂತಾಗ. ಧಾರವಾಡ ಕಡೆಯ ಗೆಳತಿ ಹೋಳಿಗೆ ಅಂತಾಳೆ, ಮೈಸೂರಿನವನು ಒಬ್ಬಟ್ಟು ಅಂತಾನೆ; ಆ ಜಗಳ ಇನ್ನೂ ಮುಗಿದಿಲ್ಲ.

ಅಮ್ಮ, ಅಜ್ಜಿಯ ಅಳತೆ ಎಲ್ಲೂ ಬರೆದಿಲ್ಲ ಅನ್ನೋದೇ ನಮ್ಮ ಆತಂಕ. ಅಂಗಡಿಯ ಕೇಕ್ ನಾಳೆಯೂ ಸಿಗತ್ತೆ. ಅಜ್ಜಿಯ ಹೂರಣ ಅಜ್ಜಿ ಇರೋವರೆಗೆ ಮಾತ್ರ. ನಮ್ಮಲ್ಲಿ ಒಬ್ಬರ ಮನೇಲಿ ಅಜ್ಜಿ ಹೋದ ಮೇಲೆ ಅವರ ಕೊಬ್ಬರಿ ಮಿಠಾಯಿ ಯಾರ ಕೈಗೂ ಬರ್ತಿಲ್ಲ. ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ ಮೂವರೂ ಮೂರು ಥರ ಮಾಡ್ತಾರೆ, ತಿಂದು ಮೂವರೂ ಸುಮ್ಮನಾಗ್ತಾರೆ.

ದುಡ್ಡಿನ ಮಾತೂ ಆಗಿಬಿಡಲಿ. ಮೈದಾ, ಸಕ್ಕರೆ, ಮೊಸರು, ಎಣ್ಣೆ, ಎಲ್ಲ ಮನೇಲೇ ಇರೋ ಸಾಮಾನು. ಆರ್ಡರ್ ಮಾಡೋ ಕ್ರೀಮ್ ಕೇಕಿಗಿಂತ ಬಹಳ ಕಡಿಮೆಗೆ ಆಗತ್ತೆ. ಆರೋಗ್ಯದ ಮಾತು ಮಾತ್ರ ಆಡಲ್ಲ. ರಾಗಿ, ಬೆಲ್ಲ ಹಾಕಿದ ತಕ್ಷಣ ಕೇಕ್ ಔಷಧಿ ಆಗಲ್ಲ, ಬೆಲ್ಲವೂ ಸಕ್ಕರೆಯೇ. ರಾಗಿ ಕೇಕ್ ಮಾಡಿ, ರುಚಿಗೋಸ್ಕರ ಮಾಡಿ. ಬರೀ ರಾಗಿ ಹಾಕಿದ್ರೆ ಗ್ಲುಟೆನ್ ಇಲ್ಲದೆ ಪುಡಿಪುಡಿ ಆಗತ್ತೆ, ಅರ್ಧ ಗೋಧಿಹಿಟ್ಟು ಬೆರೆಸಿ. ಮುಖಕ್ಕೆ ಕೇಕ್ ಮೆತ್ತೋ ಹಾಸ್ಟೆಲ್ ಪದ್ಧತಿ ಬಗ್ಗೆ ಬರೆದ್ರೆ ಇನ್ನೊಂದು ಲೇಖನ ಆಗತ್ತೆ. ಸ್ವಂತ ಕೈಯಲ್ಲಿ ಕಲಸಿದ ಕೇಕನ್ನು ಮುಖಕ್ಕೆ ಮೆತ್ತೋರನ್ನ ನಾವಂತೂ ನೋಡಿಲ್ಲ.

ಅಳತೆ ಕೇಳ್ತೀರ ಅಂತ ಗೊತ್ತು. ಒಂದು ಕಪ್ ಗಟ್ಟಿ ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆ ಹಾಕಿ ಕರಗಿಸಿ. ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ ಹಾಕಿ ಐದು ನಿಮಿಷ ಬಿಟ್ರೆ ಗುಳ್ಳೆ ಏಳತ್ತೆ. ಅರ್ಧ ಕಪ್ ವಾಸನೆ ಇಲ್ಲದ ಎಣ್ಣೆ, ಸ್ವಲ್ಪ ವೆನಿಲಾ, ಆಮೇಲೆ ಜರಡಿ ಹಿಡಿದ ಒಂದೂವರೆ ಕಪ್ ಮೈದಾ. ಹಿಟ್ಟು ಹಾಕಿದ ಮೇಲೆ ಜಾಸ್ತಿ ತಿರುವಬೇಡಿ, ಕೇಕ್ ರಬ್ಬರ್ ಆಗತ್ತೆ. ಉಪ್ಪು ಹಾಕಿದ ಕುಕ್ಕರನ್ನು ಹತ್ತು ನಿಮಿಷ ಮುಂಚೆಯೇ ಕಾಯಿಸಿಟ್ಟಿರಿ. ಕಲಸಿದ ತಕ್ಷಣ ಒಳಗಿಟ್ಟು, ಸಣ್ಣ ಉರೀಲಿ ನಲವತ್ತು ನಲವತ್ತೈದು ನಿಮಿಷ. ಕಡ್ಡಿ ಚುಚ್ಚಿದ್ರೆ ಒಣಗಿ ಆಚೆ ಬರಬೇಕು. ಪೂರ್ತಿ ಆರಿದ ಮೇಲೆ ಕತ್ತರಿಸಿ. ಆರೋ ಹೊತ್ತಲ್ಲಿ ಪಾತ್ರೆ ತೊಳೆದು ಮುಗಿಸಬಹುದು.

ಹೋಳಿಗೆ ಅಳತೆ ಇನ್ನೂ ನಮ್ಮ ಹತ್ರ ಇಲ್ಲ. ಮುಂದಿನ ಹಬ್ಬಕ್ಕೆ ನಾವು ನಾಲ್ವರೂ ಮನೆಗೆ ಒಂದೊಂದು ಅಡುಗೆ ತಕ್ಕಡಿ ತಗೊಂಡು ಹೋಗ್ತಿದೀವಿ. ಅಮ್ಮ ಒಂದು ಹಿಡಿ ಅಂದಾಗೆಲ್ಲ ಆ ಹಿಡಿಯನ್ನು ಮೊದಲು ತಕ್ಕಡಿಗೆ, ಆಮೇಲೆ ಪಾತ್ರೆಗೆ. ಕೈಯಾಡಿಸೋ ಕೆಲಸ ನಮ್ಮದು, ಹದ ಹೇಳೋ ಕೆಲಸ ಅವರದ್ದು. ನಾಲ್ಕು ಮನೆಯ ಲೆಕ್ಕ ಒಟ್ಟಿಗೆ ಇಟ್ಟು ಮುಂದಿನ ಸಂಚಿಕೆಗೆ ಕಳಿಸ್ತೀವಿ, ಸಂಪಾದಕರು ಜಾಗ ಕೊಟ್ರೆ. ನಿಮ್ಮ ಮನೆಯದ್ದೂ ಬರೆದು ಕೊಡಿ, ಹೋಳಿಗೆ ಅಂತಲಾದ್ರೂ ಬರೀರಿ, ಒಬ್ಬಟ್ಟು ಅಂತಲಾದ್ರೂ ಬರೀರಿ.